ಎರಡು ಕಡೆಯ ಜಗಳ

– ಮೇಡಂ, ಪ್ರದರ್ಶನದ ಟಿಪ್ಪಣಿ ಓದಿದ್ರಾ?

– ಮೂರನೇ ಸಾಲಿಗೇ ನಿಂತುಬಿಟ್ಟೆ. ‘ಸಂಘರ್ಷದಲ್ಲಿ ನೊಂದ ಸಮಾಜಕ್ಕೆ ಮಹಿಳೆಯರು ಮತ್ತು ನಾನ್-ಬೈನರಿ ಕಲಾವಿದರು ಸಾಂತ್ವನದ ಮದ್ದು ಹಚ್ಚಿದರು’ ಅಂತ ಬರೆದಿದ್ದೀಯ. ಅವರೇನು ದಾದಿಯರಾ?

– ಸ್ವಲ್ಪ ಭಾವುಕ ಆಯ್ತು, ಒಪ್ತೀನಿ. ಆದ್ರೆ ತಪ್ಪೇನು?

– ಗಂಡಸು ಗೋಡೆ ಮೇಲೆ ಬರೆದ್ರೆ ಪ್ರತಿಭಟನೆ, ಹೆಂಗಸು ಬಟ್ಟೆ ಮೇಲೆ ಹೊಲಿದ್ರೆ ಸಾಂತ್ವನ. ಇದೇ ತಪ್ಪು. ಚಿಲಿ ದೇಶದ ಹೊಲಿಗೆ ಚಿತ್ರಗಳನ್ನ ತರಿಸಿದ್ದೀಯ, ಫೋಟೋಗಳನ್ನ ತರಿಸಿದ್ದೀಯ. ಆ ಜನ ಏನು ಮಾಡಿದ್ರು, ಯಾರ ಜೊತೆ ಜಗಳ ಆಡಿದ್ರು ಅನ್ನೋದು ಟಿಪ್ಪಣೀಲಿ ಒಂದಕ್ಷರ ಇಲ್ಲ.

– ಜಗಳ ಅಲ್ಲಿನ ಸೇನಾ ಸರ್ವಾಧಿಕಾರಿ ಪಿನೋಶೆ ಜೊತೆ. ಅದನ್ನ ಬರೆದಿದ್ದೀನಲ್ಲ.

– ಅರ್ಧ ಬರೆದಿದ್ದೀಯ. ಇನ್ನರ್ಧ ತಮ್ಮ ಕಡೆಯವರ ಜೊತೆಗಿನ ಜಗಳ. ಅದಕ್ಕೆ ಆಮೇಲೆ ಬರೋಣ. ಮೊದಲು ಹೊಲಿಗೆ. ಅರ್ಪಿಯೇರಾ ಅಂದ್ರೇನು ಅಂತ ನೋಡೋಕೆ ಬಂದವರು ಕೇಳಿದ್ರೆ ಏನು ಹೇಳ್ತೀಯ?

– ಗೋಣಿ ಬಟ್ಟೆ ಮೇಲೆ ಹಳೇ ಬಟ್ಟೆ ಚೂರುಗಳನ್ನ ಹಚ್ಚಿ ಹೊಲಿದ ಚಿತ್ರ. ನಮ್ಮ ಕೌದಿ ಇದ್ದ ಹಾಗೆ, ಆದ್ರೆ ಹೊದ್ಕೊಳ್ಳೋಕಲ್ಲ, ಗೋಡೆಗೆ ತೂಗುಹಾಕೋಕೆ. ಹಿಂದೆ ಆಂಡಿಸ್ ಬೆಟ್ಟಸಾಲು, ಮೇಲೊಂದು ಸೂರ್ಯ, ಮುಂದೆ ಪುಟ್ಟಪುಟ್ಟ ಬಟ್ಟೆಗೊಂಬೆಗಳು. ಗೊಂಬೆಗಳು ಏನು ಮಾಡ್ತಿವೆ ಅಂತ ಹತ್ತಿರ ಹೋಗಿ ನೋಡಿದ್ರೆ ಎದೆ ಝಲ್ಲನ್ನುತ್ತೆ. ಒಂದು ಕಡೆ ಪೊಲೀಸ್ ವ್ಯಾನಿಗೆ ಯಾರನ್ನೋ ಎಳೀತಿದ್ದಾರೆ. ಇನ್ನೊಂದು ಕಡೆ ಬೀಗ ಬಿದ್ದ ಕಾರ್ಖಾನೆ. ಬೀದೀಲಿ ಒಂದೇ ಹಂಡೆಯಿಂದ ಇಡೀ ಕೇರಿಗೆ ಸೂಪು ಬಡಿಸ್ತಿದ್ದಾರೆ.

– ಇದನ್ನ ಬರೆಯೋದು ಬಿಟ್ಟು ಮದ್ದು ಹಚ್ಚೋಕೆ ಹೋದೆ! ಸರಿ, ಶುರುವಾಗಿದ್ದು ಹೇಗೆ?

– 1973ರ ಸೆಪ್ಟೆಂಬರ್ 11ರಂದು ಸೈನ್ಯ ಕ್ಷಿಪ್ರಕ್ರಾಂತಿ ಮಾಡಿ ಅಧಿಕಾರ ಹಿಡೀತು. ಎಡಪಂಥೀಯ ಅಧ್ಯಕ್ಷ ಅಯೆಂದೆ ಅರಮನೆಯಲ್ಲೇ ಸತ್ರು. ಸಾವಿರಾರು ಜನರನ್ನ ಸಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೂಡಿಹಾಕಿದ್ರು. ಗಂಡ, ಮಗ, ಅಣ್ಣ ಅಂತ ಹುಡುಕಿಕೊಂಡು ಹೆಂಗಸರು ಜೈಲಿನಿಂದ ಠಾಣೆಗೆ, ಠಾಣೆಯಿಂದ ಶವಾಗಾರಕ್ಕೆ ಅಲೆದ್ರು. ಅಲೆಯೋ ಜಾಗಗಳಲ್ಲೇ ಒಬ್ಬರಿಗೊಬ್ಬರು ಪರಿಚಯ ಆದ್ರು. ಚರ್ಚುಗಳು ಸೇರಿ ಒಂದು ಶಾಂತಿ ಸಮಿತಿ ಮಾಡಿಕೊಂಡಿದ್ವು. ಅದರ ಆಸರೆಯಲ್ಲಿ 1974ರಿಂದ ಹೊಲಿಗೆ ಕಾರ್ಯಾಗಾರ ಶುರುವಾಯ್ತು. ಆ ಸಮಿತಿಯನ್ನ ಪಿನೋಶೆ ಮುಚ್ಚಿಸಿದ. 1976ರಲ್ಲಿ ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಅಂತ ಇನ್ನೊಂದು ಸಂಸ್ಥೆ ತೆರೆದ್ರು. ಅದು ನೇರ ಚರ್ಚಿನ ಒಳಗಿನದ್ದು, ಮುಟ್ಟೋಕೆ ಸೈನ್ಯ ಹಿಂದೆಮುಂದೆ ನೋಡಬೇಕಾಯ್ತು.

– ಎಲ್ಲರೂ ಕಾಣೆಯಾದವರ ಮನೆಯವರೇ?

– ಅಲ್ಲ. ಅರ್ಧ ಕಥೆ ಅಲ್ಲೇ ತಪ್ಪಿಹೋಗುತ್ತೆ. ಕೆಲಸ ಕಳ್ಕೊಂಡವರ ಹೆಂಡತಿಯರೂ ಬಹಳ ಮಂದಿ ಇದ್ರು, ಸಾಂಟಿಯಾಗೊ ಅಂಚಿನ ಕೊಳೆಗೇರಿಗಳವರು. ಅವರಿಗೆ ಮೊದಲು ಬೇಕಾಗಿದ್ದದ್ದು ಅನ್ನ. ಹೊಲಿದದ್ದನ್ನ ವಿಕಾರಿಯಾ ಕೊಂಡುಕೊಂಡು ಹೊರದೇಶಕ್ಕೆ ಕಳಿಸ್ತಿತ್ತು. ದೇಶ ಬಿಟ್ಟು ಹೋದ ಚಿಲಿಯನ್ನರು, ಯೂರೋಪು ಅಮೆರಿಕಗಳ ಚರ್ಚು ಗುಂಪುಗಳು, ಮಾನವ ಹಕ್ಕುಗಳ ಸಂಘಟನೆಗಳು ಅದನ್ನ ಕೊಳ್ತಿದ್ರು. ಆ ದುಡ್ಡಲ್ಲಿ ಇವರ ಮನೆ ನಡೀತಿತ್ತು.

ಇದನ್ನ ಟಿಪ್ಪಣೀಲಿ ಹಾಕೋಕೆ ನನಗೆ ಹಿಂಜರಿಕೆ ಆಯ್ತು ಮೇಡಂ. ದುಡ್ಡಿಗೆ ಮಾಡಿದ್ರು ಅಂದ ಕೂಡಲೇ ಜನ ಅದನ್ನ ಕರಕುಶಲ ವಸ್ತು ಅಂತ ಬದಿಗಿಡ್ತಾರೆ.

– ಇಡ್ತಾರೆ. ಹಾಗಂತ ಮುಚ್ಚಿಡೋದಾ? ಸಿಸ್ಟೀನ್ ಚಾಪೆಲ್ ಚಾವಣಿಗೆ ಮೈಕೆಲಾಂಜೆಲೊ ದುಡ್ಡು ತಗೊಂಡ ಅಂತ ಯಾರಾದ್ರೂ ಅದನ್ನ ಸುಣ್ಣ ಬಳಿಯೋ ಕೆಲಸ ಅಂದ್ರಾ? ಕೂಲಿಯನ್ನೂ ಹಾಕು, ಸಾಕ್ಷಿಯನ್ನೂ ಹಾಕು.

– ಸಾಕ್ಷಿ ಅನ್ನೋ ಮಾತು ದೊಡ್ಡದಲ್ವಾ? ಗೊಂಬೆ ಹೊಲಿಯೋದು ನ್ಯಾಯಾಲಯದಲ್ಲಿ ನಿಲ್ಲುತ್ತಾ?

– ನಿಲ್ಲಲ್ಲ. ಆದ್ರೆ ಎದುರಿಗೆ ಏನಿತ್ತು ನೋಡು. 1975ರಲ್ಲಿ ಚಿಲಿಯ ಪ್ರತಿನಿಧಿ ವಿಶ್ವಸಂಸ್ಥೆಯಲ್ಲಿ ನಿಂತು, ಕಾಣೆಯಾಗಿದ್ದಾರೆ ಅಂತ ನೀವು ಹೇಳೋ ಎಷ್ಟೋ ಜನ ದಾಖಲೆ ಪ್ರಕಾರ ಹುಟ್ಟಿಯೇ ಇಲ್ಲ ಅನ್ನೋ ಅರ್ಥದ ಮಾತಾಡಿದ. ಹೆತ್ತವಳ ಮುಂದೆ ನಿನ್ನ ಮಗ ಹುಟ್ಟೇ ಇಲ್ಲ ಅಂದ ಹಾಗೆ. ಅಂಥ ಹೊತ್ತಲ್ಲಿ ಅವನ ಹಳೇ ಅಂಗಿ ಕತ್ತರಿಸಿ, ಅದೇ ಬಟ್ಟೆಯಲ್ಲಿ ಅವನ ಗೊಂಬೆ ಮಾಡಿ ಹೊಲಿದವರಿದ್ದಾರೆ. ಕೆಲವು ಚಿತ್ರಗಳ ಹಿಂದೆ ಪುಟ್ಟ ಜೇಬು ಹೊಲಿದು, ಒಳಗೊಂದು ಚೀಟಿ ಇಡ್ತಿದ್ರು, ಮುಂಭಾಗದ ಚಿತ್ರದಲ್ಲಿ ಏನಾಗ್ತಿದೆ ಅಂತ ಬರೆದು. ಹೆಸರು ಮಾತ್ರ ಹಾಕ್ತಿರಲಿಲ್ಲ, ಹಾಕಿದ್ರೆ ಮನೆಗೆ ಪೊಲೀಸು. ಆಮೇಲೆ 1978ರ ಕೊನೆಗೆ ಲೊನ್ಕೆನ್ ಅನ್ನೋ ಊರಿನ ಸುಣ್ಣದ ಗೂಡುಗಳಲ್ಲಿ 15 ದೇಹಗಳು ಸಿಕ್ಕವು. 1973ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡ್ಕೊಂಡು ಹೋಗಿದ್ದ ಹಳ್ಳಿಯ ಗಂಡಸರು ಅವರು. ‘ಹುಟ್ಟಿಯೇ ಇಲ್ಲ’ ಅನ್ನೋ ವಾದ ಅಲ್ಲಿಗೆ ಬಿತ್ತು. ಆ ಗೂಡುಗಳೂ ಅರ್ಪಿಯೇರಾಗಳಲ್ಲಿ ಬಂದವು.

– ಇಷ್ಟು ಮಾಡ್ತಿದ್ರೂ ಸರ್ಕಾರ ಸುಮ್ಮನಿತ್ತಾ?

– ಮೊದಮೊದಲು ಅದನ್ನ ಯಾರೂ ಲೆಕ್ಕಕ್ಕೇ ಹಿಡೀಲಿಲ್ಲ. ಹೆಂಗಸರು ಚರ್ಚಿನಲ್ಲಿ ಕೂತು ಬಟ್ಟೆ ಹೊಲೀತಾರೆ, ಅದರಲ್ಲೇನಿದೆ? ಹೊರದೇಶದಲ್ಲಿ ಹೆಸರಾದ ಮೇಲೆ ಸರ್ಕಾರದ ಪರ ಪತ್ರಿಕೆಗಳು ದೇಶದ ಮಾನ ಕಳೀತಿದ್ದಾರೆ ಅಂತ ಕೂಗಾಡಿದ್ವು. ಅಷ್ಟರಲ್ಲಿ ಚಿತ್ರಗಳು ದಾಟಿ ಹೋಗಿದ್ವು.

– ಹಾಗಾದ್ರೆ ನನ್ನ ವಾದ ಇಲ್ಲಿಗೆ ಬರುತ್ತೆ. ಹೊಲಿಗೆ, ಅಡುಗೆ, ಮನೆಗೆಲಸ, ಹೆಂಗಸರ ಲೋಕ ಅಂತ ಯಾವುದನ್ನ ಕೀಳಾಗಿ ಕಂಡಿದ್ರೋ ಅದೇ ಪ್ರತಿರೋಧ ಆಯ್ತು. ಹೆಂಗಸರ ಕಲೆಯ ಸ್ವಭಾವವೇ ಜೀವಪರ.

– ಅಲ್ಲಿಗೆ ನಿಲ್ಲಿಸು. ಸ್ವಭಾವ ಅಂತ ಹೇಳಿದ್ಯಲ್ಲ, ಅದಕ್ಕೆ ಚಿಲಿಯೇ ಉತ್ತರ ಕೊಡುತ್ತೆ. ಖಾಲಿ ಪಾತ್ರೆ ಬಡಿಯೋ ಮೆರವಣಿಗೆ ಅಲ್ಲಿ ಯಾರದ್ದು ಗೊತ್ತಾ?

– ಸರ್ವಾಧಿಕಾರದ ವಿರುದ್ಧ ಮಾಡಿದ್ದು. 1983ರ ಪ್ರತಿಭಟನೆಗಳಲ್ಲಿ ರಾತ್ರಿ ಆಯ್ತು ಅಂದ್ರೆ ಕೇರಿಕೇರಿಗಳಲ್ಲಿ ಪಾತ್ರೆ ಸದ್ದು.

– ಅದು ಎರಡನೇ ಸಲ. ಮೊದಲನೇ ಸಲ 1971ರ ಡಿಸೆಂಬರ್ 1ರಂದು. ಬಡಿದವರು ಅಯೆಂದೆಯ ವಿರೋಧಿಗಳು, ಅವರಲ್ಲಿ ಎಷ್ಟೋ ಮಂದಿ ಅನುಕೂಲಸ್ಥ ಮನೆಗಳ ಹೆಂಗಸರು. ಅಂಗಡೀಲಿ ಸಾಮಾನು ಸಿಗ್ತಿಲ್ಲ, ಈ ಸರ್ಕಾರ ಹೋಗಲಿ ಅಂತ ಪಾತ್ರೆ ಹಿಡ್ಕೊಂಡು ಬೀದಿಗೆ ಬಂದ್ರು. ಆಮೇಲೆ ಸೈನ್ಯ ಬಂದಾಗ ಸ್ವಾಗತಿಸಿದವರೂ ಅವರಲ್ಲಿದ್ರು. ಹನ್ನೆರಡು ವರ್ಷದ ಮೇಲೆ ಅದೇ ಸದ್ದು ಪಿನೋಶೆ ವಿರುದ್ಧ ಎದ್ದಿತು.

– ಇದು ನನಗೆ ಗೊತ್ತಿರಲಿಲ್ಲ.

– ಇನ್ನೂ ಇದೆ. ಹೊಲಿಗೆಯನ್ನೂ ಸರ್ವಾಧಿಕಾರ ಬಿಟ್ಟಿರಲಿಲ್ಲ. ಸೆಮಾ-ಚಿಲಿ ಅಂತ ಒಂದು ಸಂಸ್ಥೆ. ತಾಯಂದಿರ ಕೇಂದ್ರಗಳದ್ದು. ಪಿನೋಶೆಯ ಹೆಂಡತಿ ಲುಸಿಯಾ ಇರಿಯಾರ್ತ್ ಅದರ ಮುಖ್ಯಸ್ಥೆ, ಸೇನಾಧಿಕಾರಿಗಳ ಹೆಂಡತಿಯರು ಕಾರ್ಯಕರ್ತೆಯರು. ಅಲ್ಲೂ ಬಡ ಹೆಂಗಸರಿಗೆ ಕೈಕೆಲಸ ಕಲಿಸ್ತಿದ್ರು, ಮಾಡಿದ್ದನ್ನ ಮಾರ್ತಿದ್ರು. ಜೊತೆಗೆ ಒಳ್ಳೆ ತಾಯಿ, ಒಳ್ಳೆ ಹೆಂಡತಿ, ರಾಜಕೀಯಕ್ಕೆ ಬರದವಳು ಹೇಗಿರಬೇಕು ಅನ್ನೋ ಪಾಠ. ಒಂದೇ ನಗರ, ಒಂದೇ ಕಾಲ, ಹೆಂಗಸರ ಕೈಯಲ್ಲಿ ಅದೇ ಸೂಜಿದಾರ. ಒಂದು ಕಡೆ ಹೂಬಳ್ಳಿ, ಇನ್ನೊಂದು ಕಡೆ ಸುಣ್ಣದ ಗೂಡು. ಸೂಜಿಗೆ ರಾಜಕೀಯ ಇಲ್ಲ ಮರಿ. ಹಿಡಿದವರು ಏನು ತೀರ್ಮಾನ ಮಾಡ್ತಾರೋ ಅದು.

– ಹಾಗಿದ್ರೆ ಮಹಿಳೆಯರು, ನಾನ್-ಬೈನರಿ ಕಲಾವಿದರು ಅಂತ ಬೇರೆ ಕೋಣೆ ಮಾಡೋದೇ ಯಾಕೆ? ಸುಮ್ಮನೆ ಕಲಾವಿದರು ಅಂತ ಹಾಕಿಬಿಡ್ತೀನಿ.

– ಅದೂ ಸುಳ್ಳಾಗುತ್ತೆ. ಸ್ವಭಾವ ಬೇರೆ ಅಲ್ಲದಿದ್ರೂ ನಿಂತ ಜಾಗ ಬೇರೆ. ಸರ್ವಾಧಿಕಾರ ತಾಯ್ತನವನ್ನ ತಲೆ ಮೇಲೆ ಹೊತ್ತು ಮೆರೆಸ್ತಿತ್ತು. ಹಾಗಾಗಿ ಮಗನ ಫೋಟೋ ಎದೆಗೆ ಸಿಕ್ಕಿಸಿಕೊಂಡು ಬೀದಿಗೆ ಬಂದ ತಾಯಿ ಎದುರಿಗೆ ಅದಕ್ಕೆ ಒಂದು ಇಕ್ಕಟ್ಟು. ಅವಳನ್ನ ಹೊಡೆದ್ರು, ಹಿಡಿದ್ರು, ಇಲ್ಲ ಅಂತಲ್ಲ. ಆದ್ರೆ ಅದೇ ಕೆಲಸ ಯುವಕನೊಬ್ಬ ಮಾಡಿದ್ರೆ ಅವನೂ ಕಾಣೆಯಾಗ್ತಿದ್ದ. ಆ ಇಕ್ಕಟ್ಟನ್ನ ಹೆಂಗಸರು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು. ಕ್ವೇಕಾ ಕುಣಿತದ ವಿಷಯ ನಿನ್ನ ಟಿಪ್ಪಣೀಲಿ ಒಂದು ಸಾಲು ಇದೆ, ಅದನ್ನ ಬೆಳೆಸು.

– ‘ಕ್ವೇಕಾ ಸೋಲಾ’. ಒಂಟಿ ಕ್ವೇಕಾ. ಕ್ವೇಕಾ ಅಂದ್ರೆ ಗಂಡು ಹೆಣ್ಣು ಕೈಯಲ್ಲಿ ಕರವಸ್ತ್ರ ಬೀಸ್ತಾ ಒಬ್ಬರ ಸುತ್ತ ಒಬ್ಬರು ಸುತ್ತೋ ಜೋಡಿ ಕುಣಿತ. 1978ರ ಮಾರ್ಚ್ 8, ಮಹಿಳಾ ದಿನ. ಸಾಂಟಿಯಾಗೊದ ಕೌಪೊಲಿಕಾನ್ ರಂಗಮಂದಿರ. ಕಾಣೆಯಾದವರ ಮನೆಯ ಹೆಂಗಸರದೇ ಒಂದು ಜಾನಪದ ತಂಡ. ಗಾಲಾ ತೊರ್ರೆಸ್, ಅವರ ಸಹೋದರ ಕಾಣೆಯಾಗಿದ್ದ, ಅವರು ಕಟ್ಟಿದ ಹಾಡು. ವೇದಿಕೆ ಮೇಲೆ ಒಬ್ಬಳೇ ಬಂದು ಕ್ವೇಕಾ ಕುಣಿದಳು. ಎದುರಿಗೆ ಜೋಡಿ ಇರಬೇಕಾದ ಜಾಗ ಖಾಲಿ.

– ಮಾರನೇ ವರ್ಷ, 1979ರ ಸೆಪ್ಟೆಂಬರ್‌ನಲ್ಲಿ, ಪಿನೋಶೆ ಸರ್ಕಾರ ಆಜ್ಞೆ ಹೊರಡಿಸಿ ಕ್ವೇಕಾವನ್ನ ರಾಷ್ಟ್ರೀಯ ನೃತ್ಯ ಮಾಡ್ತು. ಇದನ್ನ ಯಾಕೆ ಬಿಟ್ಟಿದ್ದೀಯ?

– ಎರಡಕ್ಕೂ ಸಂಬಂಧ ಇದೆ ಅಂತ ದಾಖಲೆ ಇಲ್ಲ ಮೇಡಂ.

– ಸಂಬಂಧ ಇದೆ ಅಂತ ಬರೀಬೇಡ. ಪಕ್ಕಪಕ್ಕದಲ್ಲಿ ಎರಡೂ ತಾರೀಕು ಹಾಕು, ಸಾಕು. ಸರ್ಕಾರಿ ಸಮಾರಂಭದಲ್ಲಿ ಕುದುರೆ ಸವಾರರ ಉಡುಪು ತೊಟ್ಟು ಜೋಡಿಗಳು ಕುಣಿಯೋ ಕ್ವೇಕಾ, ಇತ್ತ ಒಬ್ಬಳೇ ಕುಣಿಯೋ ಕ್ವೇಕಾ. ಇದನ್ನ ನಿಷೇಧಿಸೋದು ಹೇಗೆ? ರಾಷ್ಟ್ರೀಯ ನೃತ್ಯವನ್ನೇ ತಾನೇ ಅವಳು ಕುಣೀತಿರೋದು?

– ಲೊತ್ತಿ ರೋಸೆನ್‌ಫೆಲ್ಡ್ ಕೂಡ ಹಾಗೇ ಅಲ್ವಾ? 1979ರಲ್ಲಿ ಮಾಂಕೆವೆ ರಸ್ತೆಯಲ್ಲಿ, ವಾಹನಗಳ ದಾರಿ ಭಾಗ ಮಾಡೋ ಬಿಳಿ ಗೆರೆಗಳಿಗೆ ಅಡ್ಡಡ್ಡ ಬಿಳಿ ಪಟ್ಟಿ ಅಂಟಿಸ್ತಾ ಹೋದ್ರು, ಒಂದು ಮೈಲಿ ಉದ್ದಕ್ಕೂ. ಪ್ರತಿ ಗೆರೆಯೂ ಶಿಲುಬೆ ಆಯ್ತು. ಅಥವಾ ಕೂಡಿಸೋ ಚಿಹ್ನೆ. ರಸ್ತೆ ಗೆರೆಗೆ ಪಟ್ಟಿ ಅಂಟಿಸಿದ್ದಕ್ಕೆ ದೇಶದ್ರೋಹದ ಕೇಸು ಹಾಕೋಕಾಗುತ್ತಾ?

– ಹಾಕೋಕಾಗದಂಥದ್ದನ್ನೇ ಅವರು ಹುಡುಕ್ತಿದ್ರು. ಆ ಕೂಡಿಸೋ ಚಿಹ್ನೆ ಆಮೇಲೆ ಎಲ್ಲಿಗೆ ಹೋಯ್ತು ಅಂತ ನೋಡು. ಲೊತ್ತಿ, ಕಾದಂಬರಿಕಾರ್ತಿ ದಿಯಾಮೆಲಾ ಎಲ್ತಿತ್, ಕವಿ ರೌಲ್ ಸುರಿತಾ, ಇನ್ನಿಬ್ಬರು ಸೇರಿ ಕಾದಾ ಅಂತ ಗುಂಪು ಕಟ್ಟಿಕೊಂಡಿದ್ರು. 1983ರಲ್ಲಿ, ಸೈನ್ಯ ಬಂದು ಹತ್ತು ವರ್ಷ ಆದಾಗ, ಸಾಂಟಿಯಾಗೊದ ಗೋಡೆಗಳ ಮೇಲೆ ‘ನೋ +’ ಅಂತ ಬರೆದು ಬಿಟ್ಟರು. ‘ಇನ್ನು ಸಾಕು’ ಅಂತ. ಏನು ಸಾಕು ಅನ್ನೋದನ್ನ ಬರೀಲಿಲ್ಲ. ರಾತ್ರೋರಾತ್ರಿ ಯಾರ್ಯಾರೋ ಬಂದು ಹಸಿವು ಅಂತ ಸೇರಿಸಿದ್ರು, ಭಯ ಅಂತ ಸೇರಿಸಿದ್ರು, ಚಿತ್ರಹಿಂಸೆ ಅಂತ ಸೇರಿಸಿದ್ರು. ಇದು ನನ್ನ ಮಟ್ಟಿಗೆ ಆ ಕಾಲದ ದೊಡ್ಡ ಕೃತಿ. ಕಲಾವಿದರು ಅರ್ಧ ಬರೆದು ಕೈ ಬಿಟ್ಟಿದ್ದಾರೆ. ನಮ್ಮಲ್ಲಿ ಯಾವ ಕಲಾವಿದ ಅರ್ಧಕ್ಕೆ ಬಿಡ್ತಾನೆ ಹೇಳು, ಕೆಳಗೆ ಸಹಿ ಹಾಕದೆ?

– ಇದೆಲ್ಲ ಸರಿ. ಆದ್ರೆ ಕಷ್ಟದ ಪ್ರಶ್ನೆ ಒಂದಿದೆ. ಪಿನೋಶೆ ಇಳಿದದ್ದು ಕಲೆಯಿಂದ ಅಲ್ಲ. 1982ರಲ್ಲಿ ಬ್ಯಾಂಕುಗಳು ಮುಳುಗಿದ್ವು, ನಿರುದ್ಯೋಗ ಏರಿತು, ಮಾರನೇ ವರ್ಷದಿಂದ ಜನ ಬೀದಿಗಿಳಿದ್ರು. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಸುಮಾರು 56% ಜನ ಬೇಡ ಅಂದ್ರು. ಅದಕ್ಕೆ ಪಕ್ಷಗಳು ಬೇಕಾದ್ವು, ಕಾರ್ಮಿಕ ಸಂಘಗಳು ಬೇಕಾದ್ವು. ಒಂದು ಬಟ್ಟೆಚಿತ್ರ, ಒಂದು ಕುಣಿತ ಮಾಡಿದ್ದೇನು?

– ಇಳಿಸಲಿಲ್ಲ. ಕಲೆ ಸರ್ಕಾರ ಇಳಿಸಿತು ಅಂತ ಬರೆದವರನ್ನ ನಾನು ನಂಬಲ್ಲ. ಅದು ಮಾಡಿದ್ದು ಬೇರೆ. ಸತ್ತವರ ಲೆಕ್ಕ ಮುಚ್ಚಿಹೋಗದ ಹಾಗೆ ನೋಡ್ಕೊಂಡಿತು. 1984ರ ಸೆಪ್ಟೆಂಬರ್‌ನಲ್ಲಿ ನಾಲ್ಕು ವಿರೋಧಿ ಪತ್ರಿಕೆಗಳು ಚಿತ್ರಗಳನ್ನೇ ಅಚ್ಚು ಹಾಕಬಾರದು ಅಂತ ಆಜ್ಞೆ ಬಂತು. ಪದ ಇರಬಹುದು, ಫೋಟೋ ಕೂಡದು! ಚಿತ್ರ ಏನೂ ಮಾಡಲ್ಲ ಅನ್ನೋ ಅನುಮಾನ ಸೇನಾಧಿಕಾರಿಗಳಿಗೆ ಇರಲಿಲ್ಲ ಅಂತಾಯ್ತು. ಪತ್ರಿಕೆಯವರು ಏನು ಮಾಡಿದ್ರು? ಚಿತ್ರ ಇರಬೇಕಾದ ಕಡೆ ಖಾಲಿ ಚೌಕ ಬಿಟ್ಟು ಅಚ್ಚು ಹಾಕಿದ್ರು. ಆ ಪುಟಗಳು ಸಿಕ್ಕಿದ್ರೆ ತರಿಸು.

– ಸರಿ. ಈಗ ಇನ್ನರ್ಧ ಜಗಳಕ್ಕೆ ಬನ್ನಿ. ತಮ್ಮವರ ಜೊತೆ ಅಂದ್ರಲ್ಲ.

– ಮನೆಯಿಂದಲೇ ಶುರು ಮಾಡೋಣ. ಗಂಡ ಕೆಲಸ ಇಲ್ಲದೆ ಮನೇಲಿ ಕೂತಿದ್ದಾನೆ, ಹೆಂಡತಿ ಕಾರ್ಯಾಗಾರಕ್ಕೆ ಹೋಗಿ ದುಡ್ಡು ತರ್ತಾಳೆ, ಅಲ್ಲಿ ನಾಲ್ಕು ಜನರ ಜೊತೆ ಮಾತಾಡ್ತಾಳೆ, ಮೀಟಿಂಗು ಅಂತಾಳೆ. ಎಷ್ಟೋ ಗಂಡಂದಿರಿಗೆ ಇದು ಸಹ್ಯ ಆಗಲಿಲ್ಲ. ಸರ್ವಾಧಿಕಾರಿಯನ್ನ ಬೈಯೋ ಬಾಯಲ್ಲೇ ಹೆಂಡತಿಗೂ ಅಪ್ಪಣೆ. ಹೂಲಿಯೆತಾ ಕರ್ಕ್‌ವುಡ್ ಅನ್ನೋ ಸಮಾಜಶಾಸ್ತ್ರಜ್ಞೆ, 1985ರಲ್ಲಿ ತೀರಿಕೊಂಡ್ರು, ಅವರು ಮತ್ತು ಅವರ ಜೊತೆಯವರು ಇದನ್ನೇ ಹಿಡಿದು ದೇಶದಲ್ಲೂ ಪ್ರಜಾಪ್ರಭುತ್ವ ಬೇಕು, ಮನೆಯಲ್ಲೂ ಬೇಕು ಅಂದ್ರು. ಎಡಪಕ್ಷದ ಗೆಳೆಯರಿಗೆ ಮೊದಲರ್ಧ ಹಿಡಿಸ್ತು. ಎರಡನೇ ಅರ್ಧಕ್ಕೆ ಮೊದಲು ಪಿನೋಶೆ ಹೋಗಲಿ, ಆಮೇಲೆ ನೋಡೋಣ ಅಂದ್ರು.

– ಈ ‘ಆಮೇಲೆ ನೋಡೋಣ’ ನನಗೂ ಹೊಸದಲ್ಲ ಮೇಡಂ. ಮೆರವಣಿಗೆಗೆ ಬ್ಯಾನರ್ ಬರೆಯೋಕೆ ನನ್ನನ್ನ ಕರೀತಾರೆ. ನನ್ನಂಥವರ ಬೇಡಿಕೆಯನ್ನೂ ಒಂದು ಸಾಲು ಸೇರಿಸೋಣ ಅಂದ್ರೆ, ವಿಷಯ ದಿಕ್ಕು ತಪ್ಪುತ್ತೆ ಅಂತಾರೆ.

– ಹಾಗಾದ್ರೆ ಲೆಮೆಬೆಲ್ ಬಗ್ಗೆ ನೀನೇ ಹೇಳಬೇಕು. ನಾನು ಕೇಳಿಸ್ಕೊಳ್ತೀನಿ.

– ಪೆದ್ರೊ ಲೆಮೆಬೆಲ್. ಸಾಂಟಿಯಾಗೊದ ಬಡ ಕೇರಿಯಿಂದ ಬಂದವರು, ಸರ್ವಾಧಿಕಾರದ ಕಡುವಿರೋಧಿ. 1986ರಲ್ಲಿ ಮಾಪೊಚೊ ನಿಲ್ದಾಣದಲ್ಲಿ ಎಡಪಂಥೀಯರ ಸಭೆ. ಅಲ್ಲಿಗೆ ಹೈಹೀಲ್ಸ್ ಹಾಕ್ಕೊಂಡು, ಮುಖದ ಮೇಲೆ ಬಾಯಂಚಿನಿಂದ ಹುಬ್ಬಿನವರೆಗೆ ಕುಡುಗೋಲು ಸುತ್ತಿಗೆ ಬರೆದುಕೊಂಡು ಹೋಗಿ ಒಂದು ಪ್ರಣಾಳಿಕೆ ಓದಿದ್ರು. ಕೇಳಿದ್ದು ಪಿನೋಶೆಯನ್ನಲ್ಲ, ಎದುರಿಗೆ ಕೂತಿದ್ದ ಸಂಗಾತಿಗಳನ್ನ. ನೀವು ಕಟ್ಟೋ ನಾಡಿನಲ್ಲಿ ನನ್ನಂಥವರನ್ನ ಏನು ಮಾಡ್ತೀರಿ ಅಂತ. ಮಾರನೇ ವರ್ಷ ಫ್ರಾನ್ಸಿಸ್ಕೊ ಕಾಸಾಸ್ ಜೊತೆ ಸೇರಿ ‘ಪ್ರಳಯದ ಹೆಣ್ಗುದುರೆಗಳು’ ಅಂತ ಜೋಡಿ ಕಟ್ಟಿದ್ರು. ಒಂದು ವಿಷಯ ಮಾತ್ರ ಟಿಪ್ಪಣೀಲಿ ಎಚ್ಚರದಿಂದ ಬರೀಬೇಕು. ಇವರನ್ನ ನಾನ್-ಬೈನರಿ ಅಂತ ಕರೆಯೋದು ಇವತ್ತಿನ ನಮ್ಮ ಲೆಕ್ಕ. ಅವರು ತಮಗೆ ಬೀದಿಯಲ್ಲಿ ಬಿದ್ದ ಬೈಗುಳಗಳನ್ನೇ ಹೆಸರಾಗಿ ಇಟ್ಟುಕೊಂಡವರು.

– ಹಾಗೇ ಬರಿ. ಅವರ ಕ್ವೇಕಾ ಯಾವ ವರ್ಷದ್ದು?

– 1989ರ ಅಕ್ಟೋಬರ್ 12. ಕೊಲಂಬಸ್ ಅಮೆರಿಕಕ್ಕೆ ಬಂದಿಳಿದ ದಿನ. ಚಿಲಿಯ ಮಾನವ ಹಕ್ಕುಗಳ ಆಯೋಗದ ಕಚೇರೀಲಿ ನೆಲದ ಮೇಲೆ ದಕ್ಷಿಣ ಅಮೆರಿಕದ ನಕ್ಷೆ. ಅದರ ತುಂಬ ಒಡೆದ ಕೋಕಾ-ಕೋಲಾ ಬಾಟಲಿ ಚೂರು. ಇಬ್ಬರೂ ಬರಿಗಾಲಲ್ಲಿ ಅದರ ಮೇಲೆ ಕ್ವೇಕಾ ಕುಣಿದ್ರು. ಹಾಡು ವಾಕ್‌ಮನ್‌ನಲ್ಲಿ, ಅವರಿಗೆ ಮಾತ್ರ ಕೇಳೋ ಹಾಗೆ. ನೋಡೋರಿಗೆ ಕೇಳಿಸಿದ್ದು ಗಾಜಿನ ಮೇಲೆ ಕಾಲಿಡೋ ಸದ್ದಷ್ಟೇ. ನಕ್ಷೆ ಮೇಲೆ ರಕ್ತದ ಗುರುತು ಉಳೀತು.

– ಇದು ಒಂಟಿ ಕ್ವೇಕಾಗೆ ಉತ್ತರ ಅಂತ ನಿನಗನ್ನಿಸುತ್ತಾ?

– ಉತ್ತರ ಅನ್ನೋದಕ್ಕಿಂತ ಅದರ ಪಕ್ಕದಲ್ಲಿ ಹೋಗಿ ನಿಂತ ಹಾಗೆ. ಕಾಣೆಯಾದವರ ತಾಯಂದಿರನ್ನ ಅವರು ಬಹಳ ಗೌರವದಿಂದ ಕಾಣ್ತಿದ್ರು. ಆದ್ರೆ ತಾಯಂದಿರಿಗಿದ್ದ ಆಸರೆ ಇವರಿಗೆ ಇರಲಿಲ್ಲ. ನೀವು ಹೇಳಿದ್ರಲ್ಲ, ತಾಯಿ ಅನ್ನೋದು ಒಂದು ರಕ್ಷಣೆ ಅಂತ. ಸೀರೆ ಉಟ್ಟ... ಛೆ, ಲಂಗ ತೊಟ್ಟ ಗಂಡಸು ಅಂತ ನೋಡೋರ ಕಣ್ಣಿಗೆ ಬೀಳೋ ಒಬ್ಬರು ಸತ್ರೆ, ಅವರ ಫೋಟೋ ಎದೆಗೆ ಸಿಕ್ಕಿಸಿಕೊಂಡು ಬರೋರು ಯಾರು? ಅದಕ್ಕೇ ನನಗೆ ಪಾಸ್ ಎರಾಸುರಿಸ್ ತೆಗೆದ ಫೋಟೋಗಳು ಬೇಕು ಅನ್ನಿಸಿದ್ದು.

– ‘ಆದಾಮನ ಸೇಬು’.

– ಹೌದು. 1980ರ ದಶಕದಲ್ಲಿ ಸಾಂಟಿಯಾಗೊ ಮತ್ತು ತಾಲ್ಕಾ ಊರಿನ ವೇಶ್ಯಾಗೃಹಗಳಿಗೆ ವರ್ಷಗಟ್ಟಲೆ ಹೋಗಿಬಂದು, ಅಲ್ಲಿದ್ದ ಹೆಣ್ಣುಡುಗೆಯವರ ಜೊತೆ ಒಡನಾಡಿ ತೆಗೆದದ್ದು. ಕನ್ನಡಿ ಮುಂದೆ ಸಿಂಗರಿಸಿಕೊಳ್ತಿರೋರು, ಮಂಚದ ಮೇಲೆ ಒರಗಿರೋರು. ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು, ಇಬ್ಬರೂ ಈ ದಾರಿಯವರೇ, ಒಟ್ಟಿಗೆ ಕೂತ ಚಿತ್ರ ಇದೆ. ಎಲ್ಲೂ ಕನಿಕರ ಇಲ್ಲ, ಕುತೂಹಲದ ಇಣುಕುನೋಟ ಇಲ್ಲ. ಪೊಲೀಸ್ ದಾಳಿ ಆದ್ರೆ ಇವರನ್ನ ರಾಜಕೀಯ ಕೈದಿ ಅಂತ ಯಾರೂ ಎಣಿಸ್ತಿರಲಿಲ್ಲ. ಪತ್ರಕರ್ತೆ ಕ್ಲಾದಿಯಾ ದೊನೊಸೊ ಅವರ ಬರವಣಿಗೆ ಜೊತೆ ಪುಸ್ತಕ ಬಂದಾಗ 1990.

– ಪ್ರಜಾಪ್ರಭುತ್ವ ವಾಪಸ್ಸು ಬಂದ ವರ್ಷ. ಮುಂದೇನಾಯ್ತು ಅಂತ ಕಾನೂನು ಪುಸ್ತಕದಲ್ಲಿ ನೋಡು. ಗಂಡಸರ ನಡುವಿನ ಸಂಬಂಧ ಅಪರಾಧ ಅಂತಿದ್ದ ಕಲಮು ಹೋಗಿದ್ದು 1999ರಲ್ಲಿ. ವಿಚ್ಛೇದನದ ಕಾನೂನು ಬಂದದ್ದು 2004ರಲ್ಲಿ. ಸರ್ವಾಧಿಕಾರಿ ಇಳಿದ ಮೇಲೆ ಹದಿನಾಲ್ಕು ವರ್ಷ ಹೆಂಗಸರು ಒಲ್ಲದ ಮದುವೆಯಿಂದ ವಿಚ್ಛೇದನ ಪಡೆದು ಹೊರಬರೋ ಹಾಗಿರಲಿಲ್ಲ. ‘ಆಮೇಲೆ ನೋಡೋಣ’ ಅಂದ್ರೆ ಎಷ್ಟು ದಿನ ಅನ್ನೋದಕ್ಕೆ ಇದು ಲೆಕ್ಕ. ಮಜಾ ಏನು ಗೊತ್ತಾ, ವಿಚ್ಛೇದನಕ್ಕೆ ಗಟ್ಟಿಯಾಗಿ ಅಡ್ಡ ನಿಂತದ್ದು ಚರ್ಚು. ಹೊಲಿಗೆಯವರಿಗೆ ಜಾಗ ಕೊಟ್ಟು ಕಾಪಾಡಿದ್ದೂ ಅದೇ ಚರ್ಚು.

– ಇದನ್ನೂ ಬರೀಬೇಕಾ? ಆ ಹೆಂಗಸರಿಗೆ ಚರ್ಚಿನ ಋಣ ದೊಡ್ಡದು.

– ಋಣವನ್ನೂ ಬರಿ. ವಿಕಾರಿಯಾದ ವಕೀಲರು ಕೇಸು ಬರೆದಿಡದೇ ಇದ್ದಿದ್ರೆ ಸತ್ತವರ, ಕಾಣೆಯಾದವರ ಲೆಕ್ಕ ಕೊಟ್ಟ 1991ರ ರೆಟ್ಟಿಗ್ ಆಯೋಗದ ವರದಿಗೆ ಕಾಗದಪತ್ರ ಎಲ್ಲಿಂದ ಬರ್ತಿತ್ತು? ಅದು ಬೇರೆ, ಇದು ಬೇರೆ. ಉಪಕಾರ ಮಾಡಿದವರ ಜೊತೆ ಜಗಳ ಆಡಬಾರದು ಅನ್ನೋದಾದ್ರೆ ಹೆಂಗಸರು ಜನ್ಮದಲ್ಲಿ ಯಾರ ಜೊತೆಗೂ ಜಗಳ ಆಡೋಕಾಗಲ್ಲ.

– 1989ರ ಇನ್ನೊಂದು ಘಟನೆ ಹಾಕ್ತೀನಿ ಹಾಗಾದ್ರೆ. ಚುನಾವಣೆಗೆ ಮುಂಚೆ, ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಪಾತ್ರಿಸಿಯೊ ಐಲ್ವಿನ್ ಕಲಾವಿದರ ಜೊತೆ ಸಭೆ ನಡೆಸಿದ್ರು, ಕರಿಯೋಲಾ ರಂಗಮಂದಿರದಲ್ಲಿ. ಲೆಮೆಬೆಲ್, ಕಾಸಾಸ್ ಇಬ್ಬರಿಗೂ ಕರೆ ಇರಲಿಲ್ಲ. ಇಬ್ಬರೂ ಸೀದಾ ವೇದಿಕೆ ಹತ್ತಿ ‘ಬದಲಾವಣೆಗಾಗಿ ಸಲಿಂಗಿಗಳು’ ಅನ್ನೋ ಬ್ಯಾನರ್ ಬಿಚ್ಚಿ ಹಿಡಿದ್ರು. ಬೆಂಬಲ ಕೊಡೋಕೇ ಹೋದದ್ದು! ಆದ್ರೂ ವೇದಿಕೆ ಮೇಲಿದ್ದವರಿಗೆ ಮುಜುಗರ.

– ಅವರಿಬ್ಬರು ಅಲ್ಲಿಗೆ ಹೋದದ್ದು ವಿರೋಧ ಮಾಡೋಕಲ್ಲ, ಲೆಕ್ಕಕ್ಕೆ ಸೇರೋಕೆ. ನಿನ್ನ ಟಿಪ್ಪಣಿಗೆ ಇದೇ ಶುರು ಆಗಲಿ, ನನ್ನ ಕೇಳಿದ್ರೆ.

– ನೀವೂ ಒಂದು ಥರ ಅವರನ್ನ ವೀರರನ್ನಾಗಿ ಮಾಡ್ತಿದ್ದೀರಿ ಮೇಡಂ. ನಾನು ದಾದಿಯರನ್ನಾಗಿ ಮಾಡಿದೆ, ನೀವು ಎಲ್ಲರ ಜೊತೆ ಕಾದಾಡೋರನ್ನಾಗಿ. ಹೆದರಿದವರು? ಎರಡು ವರ್ಷ ಹೊಲಿದು ಬಿಟ್ಟವರು? ದೇಶ ಬಿಟ್ಟವರು? ಒಂದೇ ಥರದ ಚಿತ್ರ ಮಾರಾಟ ಆಗುತ್ತೆ ಅಂತ ಅದನ್ನೇ ಮತ್ತೆ ಮತ್ತೆ ಹೊಲಿದವರು? ಹೊರದೇಶದವರಿಗೆ ಬಣ್ಣ ಬೇಕು, ಸೂರ್ಯ ಬೇಕು. ಮಗ ಕಾಣೆಯಾದ ಚಿತ್ರದಲ್ಲೂ ಸೂರ್ಯ ನಗ್ತಿರ್ತಾನೆ.

– ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೊಳ್ಳೋರ ಕಣ್ಣು ಹೊಲಿಯೋರ ಕೈಯನ್ನ ತಿದ್ದೇ ತಿದ್ದುತ್ತೆ, ಅದು ಎಲ್ಲ ಕಲೆಗೂ ಆಗೋದು. ಆದ್ರೆ ಕೆಲವು ಚಿತ್ರಗಳಲ್ಲಿ ಸೂರ್ಯನೇ ಇಲ್ಲ, ನೋಡಿದ್ದೀಯಾ? ಅಂಥದ್ದು ಒಂದಾದ್ರೂ ಹಾಕು. ಎರಡನ್ನೂ ಅಕ್ಕಪಕ್ಕ ಹಾಕು, ಜನ ತಾವೇ ಕೇಳ್ಕೊಳ್ಳಲಿ.

– ಲೆಮೆಬೆಲ್ ಆಮೇಲೆ ಬರೆದ ಕಾದಂಬರಿ ಇದೆಯಲ್ಲ, 2001ರದ್ದು, ‘ತೆಂಗೊ ಮಿಯೆದೊ ತೊರೆರೊ’. ಅದರ ಮುಖ್ಯ ಪಾತ್ರವೂ ಕಸೂತಿ ಹಾಕಿ ಬದುಕೋ ಜೀವ. ಮೇಜಿನ ಬಟ್ಟೆಗೆ ಕಸೂತಿ ಹಾಕಿಸ್ಕೊಳ್ಳೋರು ಸೇನಾಧಿಕಾರಿಗಳ ಹೆಂಡತಿಯರು! 1986ರಲ್ಲಿ ಪಿನೋಶೆ ಮೇಲೆ ನಡೆದ ಕೊಲೆ ಪ್ರಯತ್ನದ ಹೊತ್ತಿನ ಕಥೆ. ಅದೇ ಮನೇಲಿ ಒಬ್ಬ ಯುವ ಕ್ರಾಂತಿಕಾರಿ ಪುಸ್ತಕದ ಪೆಟ್ಟಿಗೆ ಅಂತ ಹೇಳಿ ಆಯುಧ ತಂದಿಡ್ತಾನೆ. ಇವರಿಗೆ ಅವನ ಮೇಲೆ ಪ್ರೀತಿ. ರಾಜಕೀಯ ಏನೂ ತಿಳಿಯಲ್ಲ ಅಂದುಕೊಂಡು ಅವನು ಇವರನ್ನ ಬಳಸ್ಕೊಳ್ತಾನೆ, ಇವರಿಗೆ ಎಲ್ಲ ಗೊತ್ತಿದೆ.

– ಸೆಮಾ-ಚಿಲಿ ವಿಷಯ ಬಂದಾಗ ಇದು ನನಗೆ ಹೊಳೀಬೇಕಿತ್ತು. ಪುಸ್ತಕ ಒಂದು ಗಾಜಿನ ಪೆಟ್ಟಿಗೇಲಿ ಇಡು, ಪಕ್ಕದಲ್ಲಿ ಸೆಮಾ ಅಂಗಡಿಯ ಕಸೂತಿ ಒಂದು ಸಿಕ್ಕಿದ್ರೆ ಇನ್ನೂ ಒಳ್ಳೇದು.

– ಗೋಡೆಗಳ ಕ್ರಮ ಹೇಳ್ತೀನಿ. ಬಾಗಿಲಿಂದ ಬಂದ ಕೂಡಲೇ ಗಾಜಿನ ಮೇಲಿನ ಕ್ವೇಕಾದ ಫೋಟೋ.

– ಅದು ಮೊದಲ ಗೋಡೆಗೆ ಬೇಡ ಮರಿ. ನಮ್ಮೂರ ಜನ ಕುಟುಂಬ ಸಮೇತ ಬರ್ತಾರೆ, ಬಾಗಿಲಿಂದಲೇ ವಾಪಸ್ಸು ಹೋಗ್ತಾರೆ. ಮೊದಲು ಅರ್ಪಿಯೇರಾ ನೋಡ್ಲಿ, ಒಳಗೆ ಬಂದ ಮೇಲೆ...

– ಮೇಡಂ, ‘ಆಮೇಲೆ ನೋಡೋಣ’ ಅಂತಿದ್ದೀರಿ.

– ...ಆಯ್ತು. ಮೊದಲ ಗೋಡೆಗೇ ಹಾಕು. ಆದ್ರೆ ನನ್ನದೊಂದು ಷರತ್ತು. 1971ರ ಪಾತ್ರೆ ಮೆರವಣಿಗೆಯ ಫೋಟೋವೂ ಇರಬೇಕು, 1983ರದ್ದರ ಪಕ್ಕದಲ್ಲೇ.

– ಪ್ರದರ್ಶನ ಮಾಡಿಸ್ತಿರೋ ಸಂಘಟನೆಯವರು ಒಪ್ಪಲ್ಲ. ಬಲಪಂಥದ ಹೆಂಗಸರನ್ನ ನಮ್ಮ ಗೋಡೆ ಮೇಲೆ ಯಾಕೆ ಹಾಕಬೇಕು ಅಂತಾರೆ.

– ಹಾಗಾದ್ರೆ ಅವರ ಜೊತೆ ಕೂತು ಜಗಳ ಆಡು. ಶುಕ್ರವಾರದೊಳಗೆ ಮುಗಿಸು, ಫ್ರೇಮ್ ಹಾಕೋ ಅಂಗಡಿಯವನು ಭಾನುವಾರ ಬಾಗಿಲು ತೆಗೆಯಲ್ಲ.